ತಾತನ ಕೈಯ ತುತ್ತು

ಮೂರನೆಯ ಸಲ ಮಿಂದು ಬಂದ ಮೇಲೂ ಕೈ ಸ್ವಚ್ಛವಾಯಿತೆಂದು ಜನಾರ್ದನನಿಗೆ ಅನ್ನಿಸಲಿಲ್ಲ. ಹಂಡೆಯಲ್ಲಿ ಇನ್ನೂ ಎರಡು ತಂಬಿಗೆ ಬಿಸಿನೀರು ಉಳಿದಿತ್ತು. ಮತ್ತೆ ಬಚ್ಚಲಿಗೆ ಹೋಗಿ ಅದನ್ನೂ ಮೊಣಕೈಯಿಂದ ಕೆಳಗೆ ಸುರಿದುಕೊಂಡು, ಬೆರಳ ಸಂದಿಗಳಿಗೆ ಅಂಟುವಾಳದ ನೊರೆ ತಿಕ್ಕುತ್ತ ಒಂದರಿಂದ ಎಣಿಸತೊಡಗಿದ. ಇಪ್ಪತ್ತೊಂದಕ್ಕೆ ನಿಲ್ಲಿಸಬೇಕು. ಹದಿನೇಳಕ್ಕೆ ಬಂದಾಗ ಹೊರಗಿನಿಂದ ಹೆಂಡತಿ ಅನ್ನಪೂರ್ಣೇಶ್ವರಿ, "ಏಳೂವರೆ ಆಯ್ತು. ಅವರು ಕುಶಾಲನಗರ ಬಿಟ್ರಂತೆ, ಆಶ್ರಿತಾ ಫೋನ್ ಮಾಡಿದ್ಳು" ಅಂದಳು. ಎಣಿಕೆ ತಪ್ಪಿತು. ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡಬೇಕೆಂಬುದು ಯಾವ ಶಾಸ್ತ್ರದಲ್ಲೂ ಇಲ್ಲ, ಅದು ಅವನೇ ಹಾಕಿಕೊಂಡ ಕಟ್ಟಳೆ. ಆದರೆ ಶಾಸ್ತ್ರದ ಕಟ್ಟಳೆ ಮೀರಿದರೆ ಪ್ರಾಯಶ್ಚಿತ್ತವಾದರೂ ಇದೆ, ಇದಕ್ಕೆ ಅದೂ ಇಲ್ಲ. ಅವನು ಮತ್ತೆ ಒಂದು ಅಂದ. ಬೆರಳ ಗಿಣ್ಣುಗಳಲ್ಲಿ ಚರ್ಮ ಬಿರಿದು ಉರಿಯುತ್ತಿತ್ತು. ತೊಳೆದೂ ತೊಳೆದೂ ಕೈ ಬಿರಿಯುತ್ತದೆ, ಬಿರಿದದ್ದನ್ನು ನೋಡಿ ಭಯವಾಗುತ್ತದೆ, ಭಯವಾದ್ದರಿಂದ ಮತ್ತೆ ತೊಳೆಯಬೇಕು. ಇದು ಹುಚ್ಚು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗವಾಗಿರಲಿಲ್ಲ.

ಊರಿಗೆ ಮಾತ್ರ ಇದು ಹೆಮ್ಮೆಯ ವಿಷಯ. ದೇವಸ್ಥಾನ ಕಮಿಟಿಯ ಅಧ್ಯಕ್ಷ ಪದ್ಮಯ್ಯನವರು ವಿರಾಜಪೇಟೆಯಿಂದ ನೆಂಟರು ಬಂದರೆ ಸಾಕು, ಪ್ರಾಂಗಣದಲ್ಲಿ ನಿಂತು, "ಈ ಕಾಲದಲ್ಲಿ ಇಂಥ ಮಡಿ ಎಲ್ಲುಂಟು ಹೇಳಿ ಮಾರಾಯ್ರೆ! ನಮ್ಮ ಭಟ್ರು ಹೆಂಡ್ತಿ ಕೈಯಿಂದ ನೀರು ಸಹಾ ನೆಲದಲ್ಲಿ ಇಡ್ಸಿಯೇ ತಕೊಳ್ಳುದು" ಎಂದು ಅವನಿಗೆ ಕೇಳುವಂತೆಯೇ ಹೊಗಳುತ್ತಾರೆ. ಆರು ವರ್ಷದ ಹಿಂದೆ ಹೀಗಿರಲಿಲ್ಲ. ಆಗ ಬಿಟ್ಟಂಗಾಲದ ಎಸ್ಟೇಟಿನ ಕೂಲಿ ಲೈನುಗಳಿಂದ ಬಂದ ಮಕ್ಕಳ ಅಂಗೈ ಹಿಡಿದು ತೀರ್ಥ ಬಿಡುತ್ತಿದ್ದ, ಮುದುಕಿಯರ ಹಣೆಗೆ ತಾನೇ ಗಂಧ ಇಡುತ್ತಿದ್ದ. ಈಗ ಉದ್ಧರಣೆಯನ್ನು ಒಂದು ಗೇಣು ಮೇಲಿಟ್ಟೇ ತೀರ್ಥ ಬಿಡುತ್ತಾನೆ. ಪ್ರಸಾದ ಮೇಲಿಂದ ಬೀಳುತ್ತದೆ. ಲೈನಿನ ಚನ್ನಬಸಮ್ಮ ಎಂಬ ಮುದುಕಿ ಮೊದಲ ಸಲ ಹಾಗೆ ಬಿದ್ದ ಹೂವನ್ನು ನೆಲದಿಂದ ಹೆಕ್ಕಿಕೊಂಡು ಅವನ ಮುಖವನ್ನೇ ನೋಡಿದ್ದಳು. ತನ್ನಿಂದ ಏನು ತಪ್ಪಾಯಿತೆಂದು ಹುಡುಕುವ ನೋಟ. ಅವನಿಗೆ ಕೂಗಿ ಹೇಳಬೇಕೆನಿಸಿತ್ತು, ನಿನ್ನಿಂದಲ್ಲ ತಾಯಿ, ನಿನ್ನನ್ನು ಕಾಪಾಡುತ್ತಿದ್ದೇನೆ ಎಂದು. ಹೇಳಿದ್ದರೆ ಏನಾಗುತ್ತಿತ್ತೋ. ಅವಳು ಈಗ ಬಂದರೆ ಕಂಬದ ಆಚೆಯೇ ನಿಲ್ಲುತ್ತಾಳೆ.

ರೋಗ ಹೇಗೆ ಬಂತೆಂದು ಅವನಿಗೆ ಗೊತ್ತಿತ್ತು. ಮೈಸೂರಿನಲ್ಲಿ ಯಾರದೋ ಮನೆಯ ಚಂಡಿಕಾಹೋಮಕ್ಕೆಂದು ಹೋಗಿ ಉಳಿದಿದ್ದ ಲಾಡ್ಜು, ಅದರ ಹಸಿರು ಪರದೆ, ಅಷ್ಟೇ. ಅದರಾಚೆಗೆ ನೆನಪನ್ನು ಹೋಗಗೊಡುವುದಿಲ್ಲ. ಬಿಡದ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದ ದಿನ ಅನ್ನಪೂರ್ಣೇಶ್ವರಿಯೂ ಜೊತೆಗಿದ್ದಳು. ವರದಿ ಬಂದ ಮೇಲೆ ಅವಳದನ್ನೂ ಪರೀಕ್ಷೆ ಮಾಡಿದರು, ಅವಳಿಗೆ ಏನೂ ಇರಲಿಲ್ಲ. ಮಡಿಕೇರಿಯಿಂದ ಬಂದ ಬಸ್ಸಿನಿಂದ ಇಳಿಯುವಾಗ ಅವಳು, "ಯಾರಾದ್ರೂ ಕೇಳಿದ್ರೆ ಶುಗರ್ ಅನ್ನಿ" ಅಂದಳು. ಅವಳು ಅವನನ್ನು ಬಿಟ್ಟುಹೋಗಲಿಲ್ಲ, ಅತ್ತದ್ದನ್ನೂ ತೋರಿಸಲಿಲ್ಲ. ಊರಿಗೆಲ್ಲ ಭಟ್ರಿಗೆ ಶುಗರ್ ಎಂದಾಯಿತು. ಅದರ ಫಲವಾಗಿ ಆರು ವರ್ಷದಿಂದ ಯಾವ ಮನೆಯ ಪಂಕ್ತಿಯಲ್ಲೂ ಅವನ ಎಲೆಗೆ ಪಾಯಸ ಬಿದ್ದಿಲ್ಲ. ಹೋಳಿಗೆ ಬಡಿಸುವವರು ಅವನ ಹತ್ತಿರ ಬಂದಾಗ ನಾಲಿಗೆ ಕಚ್ಚಿಕೊಂಡು ಮುಂದೆ ಹೋಗುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಅವನ ಪಾಲಿಗೆ ಉಣ್ಣದಿರುವುದೇ ಬಂತು. ಹೆಂಡತಿಯ ಹಾಸಿಗೆ ಒಳಕೋಣೆಯಲ್ಲಿ, ಅವನದು ಜಗಲಿಯ ಪಕ್ಕದ ಕೋಣೆಯಲ್ಲಿ. ಮೊದಮೊದಲು ಅವಳು ಹಾದುಹೋಗುವಾಗ ಹೆಗಲ ಮೇಲೆ ಕೈಯಿಡಲು ಬರುತ್ತಿದ್ದಳು. ಅವನು ಸರಿದು ಸರಿದು ಅವಳಿಗೂ ಅಭ್ಯಾಸವಾಯಿತು.

ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ. ಕಳೆದ ತಿಂಗಳು ಮಡಿಕೇರಿಯಲ್ಲಿ ಎಚ್.ಐ.ವಿ. ಇದ್ದವರಿಗೆ ಮಾತ್ರೆ ಕೊಡುವ ಎ.ಆರ್.ಟಿ. ಕೇಂದ್ರದಲ್ಲಿ ಕೌನ್ಸೆಲರ್ ಮೋನಿಷಾ ಅವನ ಕಡತ ತೆರೆದು ನಕ್ಕಳು. ಮಗಳು ಆಶ್ರಿತಾಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು, ಸೋಮವಾರಪೇಟೆ ಕಡೆಯ ಹುಡುಗಿ. "ರಿಪೋರ್ಟ್ ತುಂಬಾ ಚೆನ್ನಾಗಿದೆ ಜನಾರ್ದನ ಸರ್. ನಿಮ್ಮ ರಕ್ತದಲ್ಲಿ ವೈರಸ್ಸು ಪತ್ತೆ ಆಗದಷ್ಟು ಕಮ್ಮಿ ಆಗಿದೆ." ಆಮೇಲೆ ಒಂದು ಹಾಳೆ ತೆಗೆದು ಪ್ರಶ್ನೆ ಕೇಳತೊಡಗಿದಳು. ಕಳೆದ ಎರಡು ವಾರದಲ್ಲಿ ನಿದ್ದೆ ಬಾರದೆ ಇದ್ದದ್ದುಂಟಾ? ಇಲ್ಲ ಅಂದ. ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದ್ದುಂಟಾ? ಇಲ್ಲ. ನಾನು ಕೆಟ್ಟವನು, ಮನೆಯವರ ಮರ್ಯಾದೆ ಕಳೆದವನು ಅನ್ನಿಸಿದ್ದುಂಟಾ? ಇಲ್ಲ. ಬದುಕಿದ್ದು ಏನಾಗಬೇಕು ಅನ್ನಿಸಿದ್ದುಂಟಾ? "ಛೆ ಛೆ" ಅಂದ. ಪೂಜೆಯಲ್ಲಿ ಮಂತ್ರ ಹೇಳಿದಷ್ಟೇ ಸಲೀಸಾಗಿ ಸುಳ್ಳು ಬರುತ್ತಿತ್ತು. ಅವಳು ಹಾಳೆ ಬಿಟ್ಟು ಅವನ ಕೈ ನೋಡಿದಳು.

"ಕೈ ಯಾಕೆ ಸರ್ ಹೀಗಾಗಿದೆ?"

"ಪೂಜೆ ಕೆಲಸ ಅಲ್ವಾ. ಯಾವಾಗ್ಲೂ ನೀರಲ್ಲೇ."

"ದಿನಕ್ಕೆ ಎಷ್ಟು ಸಲ ತೊಳೀತೀರಿ?"

"ಯಾರು ಎಣಿಸ್ತಾರೆ" ಅಂದ, ಹಗಲಿಡೀ ಎಣಿಸುವವನು.

"ಮೊಮ್ಮಗಳು ಹುಟ್ಟಿದಾಳೆ ಅಂದಿದ್ರಿ ಹೋದ್ಸಲ. ಎತ್ಕೊಂಡ್ರಾ?" ಅವನು ಕೈ ಮೇಜಿನ ಕೆಳಗೆ ಎಳೆದುಕೊಂಡ. ಅವಳು ದನಿ ತಗ್ಗಿಸಿದಳು. "ಎತ್ಕೊಂಡ್ರೆ, ಮುದ್ದು ಮಾಡಿದ್ರೆ, ಊಟ ಮಾಡಿಸಿದ್ರೆ ಇದು ಹರಡಲ್ಲ ಸರ್. ಯಾವತ್ತೂ ಹರಡಲ್ಲ."

"ಗೊತ್ತುಂಟು."

"ಗೊತ್ತಿದ್ರೂ ಮುಟ್ಟಕ್ಕೆ ಆಗ್ತಿಲ್ಲ ಅಂದ್ರೆ ಅದೂ ಒಂದು ಕಾಯಿಲೆನೇ. ಈ ಕಾಯಿಲೆ ಇರೋರಲ್ಲಿ ಎಷ್ಟೋ ಜನರಿಗೆ ಅದಾಗುತ್ತೆ, ನಾಚ್ಕೊಳ್ಳೋದೇನಿಲ್ಲ. ಅದಕ್ಕೂ ಔಷಧಿ ಇದೆ. ಇದೇ ಸಾಲಲ್ಲಿ ಮೂರನೇ ರೂಮು, ಮನಸ್ಸಿನ ಡಾಕ್ಟರು. ಇವತ್ತೇ ಇದಾರೆ, ಹೋಗಿ ಬನ್ನಿ."

ಹೋಗಿದ್ದ. ನಿಜಕ್ಕೂ ಆ ಬಾಗಿಲವರೆಗೆ ಹೋಗಿದ್ದ, ಎದೆ ಹಗುರವಾದಂತೆಯೂ ಅನ್ನಿಸಿತ್ತು. ಆದರೆ ಹೊರಗಿನ ಬೆಂಚಿನಲ್ಲಿ ಊರಿನ ಧರ್ಮಪಾಲ ತನ್ನ ತಾಯಿಯನ್ನು ಕೂರಿಸಿಕೊಂಡು ಕೂತಿದ್ದ. "ಅರೆ, ಭಟ್ರು! ನೀವೆಂಥ ಇಲ್ಲಿ?" ಎಂದು ಎದ್ದು ನಿಂತ. ಜನಾರ್ದನನ ಬಾಯಿಂದ ತಟ್ಟನೆ, "ಟಾಯ್ಲೆಟ್ ಎಲ್ಲಿ ಅಂತ ಹುಡುಕ್ತಿದ್ದೆ" ಎಂದು ಬಂತು. ಭಕ್ತಿವಂತನಾದ ಧರ್ಮಪಾಲ ಅಷ್ಟಕ್ಕೇ ಬಿಡಲಿಲ್ಲ. ಮೆಟ್ಟಿಲಿಳಿಸಿ, ಹಿಂಭಾಗಕ್ಕೆ ಕರೆದೊಯ್ದು, ಟಾಯ್ಲೆಟ್ಟಿನ ಬಾಗಿಲು ತೆರೆದುಕೊಟ್ಟು, ಭಟ್ಟರು ಹೊರಬರುವವರೆಗೂ ಅಲ್ಲೇ ಕಾದು ನಿಂತ. ಬೇಡದ ಟಾಯ್ಲೆಟ್ಟಿನ ಒಳಗೆ ಚಿಲಕ ಹಾಕಿಕೊಂಡು ನಿಂತಿದ್ದ ಆ ಐದು ನಿಮಿಷ ನೆನಪಾದರೆ ಜನಾರ್ದನನಿಗೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. ಮೂರನೇ ರೂಮಿಗೆ ಮತ್ತೆ ಹೋಗಲಿಲ್ಲ.

ಒಂಬತ್ತೂಕಾಲಕ್ಕೆ ಅಳಿಯ ಸತೀಶನ ಕಾರು ದೇವಸ್ಥಾನದ ಪಕ್ಕದ ಅಂಗಳಕ್ಕೆ ಬಂತು. ಜನಾರ್ದನ ಗರ್ಭಗುಡಿಯ ಹೊಸ್ತಿಲಲ್ಲೇ ನಿಂತು ನೋಡಿದ. ಮೊದಲು ಸತೀಶ ಇಳಿದ, ಆಮೇಲೆ ಅವನ ತಾಯಿ ರಾಮಮ್ಮ, ಕೊನೆಗೆ ಏಳು ತಿಂಗಳ ಇಂಚರಾಳನ್ನು ಎತ್ತಿಕೊಂಡು ಆಶ್ರಿತಾ. ಮಗುವಿಗೆ ಹಳದಿ ಅಂಗಿ, ಕಾಲಲ್ಲಿ ಬೆಳ್ಳಿ ಗೆಜ್ಜೆ. ಸತೀಶ ಕುಶಾಲನಗರದ ಹತ್ತಿರ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವನ ಅಪ್ಪ ಹಾಸನದ ಕಡೆಯಿಂದ ಬಂದು ಹಾರಂಗಿ ನಾಲೆಯ ಕೆಳಗೆ ಗದ್ದೆ ಮಾಡಿದ ಗೌಡರು, ಈಗಿಲ್ಲ. ಮೂರು ವರ್ಷದ ಹಿಂದೆ ಆಶ್ರಿತಾ ಇವನನ್ನೇ ಮದುವೆಯಾಗುತ್ತೇನೆಂದಾಗ ಜನಾರ್ದನನ ಅಣ್ಣಂದಿರು ಮನೆಗೆ ಬರುವುದನ್ನು ಬಿಟ್ಟರು. ಅರ್ಚಕನ ಮಗಳು ಹೀಗೆ ಮಾಡಿದರೆ ದೇವರ ಪೂಜೆ ಯಾರ ಕೈಯಲ್ಲಿರಬೇಕು ಎಂದು ಒಬ್ಬರು ಕಮಿಟಿಯವರೆಗೂ ಹೋದರು. ಜನಾರ್ದನ ಜಗ್ಗಲಿಲ್ಲ. "ಹುಡುಗ ಒಳ್ಳೆಯವ, ನನಗಷ್ಟು ಸಾಕು" ಅಂದು, ಕುಶಾಲನಗರದ ಕಲ್ಯಾಣಮಂಟಪದಲ್ಲಿ ಎಲ್ಲರೆದುರು ನಿಂತು ಧಾರೆ ಎರೆದುಕೊಟ್ಟ. ಅವತ್ತು ಆಶ್ರಿತಾ ಅವನ ಕಾಲಿಗೆ ಬಿದ್ದು ಎಷ್ಟು ಅತ್ತಳೆಂದರೆ ಸತೀಶನೇ ಎತ್ತಬೇಕಾಯಿತು. ತನ್ನ ಬದುಕಿನಲ್ಲಿ ತಾನು ಮಾಡಿದ ಒಳ್ಳೆಯ ಕೆಲಸ ಯಾವುದೆಂದು ಕೇಳಿದರೆ ಅವನು ಅದೊಂದನ್ನೇ ಹೇಳುತ್ತಿದ್ದ. ಅದೊಂದೇ ಇತ್ತು.

ಈ ದೇವಸ್ಥಾನದಲ್ಲಿ ಮಗುವಿಗೆ ಮೊದಲ ಅನ್ನ ತಿನ್ನಿಸುವುದು ಅರ್ಚಕರೇ, ತಲೆತಲಾಂತರದಿಂದ ಹಾಗೇ. ಚಿನ್ನದುಂಗುರ ತೊಟ್ಟ ಬೆರಳಿನಿಂದ ನೈವೇದ್ಯದ ಪಾಯಸ ತೆಗೆದು ನಾಲಿಗೆಗೆ ತಾಗಿಸಬೇಕು. ಆರು ವರ್ಷದ ಹಿಂದೆ ಜನಾರ್ದನ ಅದನ್ನು ಬದಲಾಯಿಸಿದ. ಮೊದಲ ತುತ್ತು ಸೋದರಮಾವನದೇ ಆಗಬೇಕೆಂದು ಶಾಸ್ತ್ರದಲ್ಲಿದೆ, ನಾವು ಇಷ್ಟು ದಿನ ತಪ್ಪು ಮಾಡುತ್ತಿದ್ದೆವು ಅಂದ. ಭಟ್ಟರೇ ಹೇಳಿದ ಮೇಲೆ ಯಾರು ಗ್ರಂಥ ತೆಗೆದು ನೋಡುತ್ತಾರೆ? ಊರಿನ ಸೋದರಮಾವಂದಿರಿಗೆಲ್ಲ ಖುಷಿಯೇ ಆಯಿತು. ತನಗಿರುವುದು ಒಬ್ಬಳೇ ಮಗಳು, ಅವಳಿಗೆ ಅಣ್ಣತಮ್ಮ ಇಲ್ಲ ಎಂಬುದು ಆಗ ಅವನ ತಲೆಗೆ ಹೊಳೆದಿರಲಿಲ್ಲ. ಕಳೆದ ವಾರ ಫೋನಿನಲ್ಲಿ ರಾಮಮ್ಮ, "ಮಗೀಗೆ ಸ್ವಾದರ ಮಾವ ಇಲ್ವಲ್ಲ ಅಯ್ನೋರೆ, ಹಂಗಾರೆ ನೀವೇ ತಿನ್ಸ್‌ಬೇಕು. ತಾತನ ಕೈ ತುತ್ತು ತಿಂದ್ರೆ ಮಗೀಗೆ ಆಯಸ್ಸು" ಅಂದಾಗಿನಿಂದ ಅವನಿಗೆ ನಿದ್ದೆಯಿಲ್ಲ. ಬೀಗಿತ್ತಿಯಾಗಿ ಮೂರು ವರ್ಷವಾದರೂ ಆಕೆ ಅವನನ್ನು ಬೀಗರೇ ಎಂದು ಕರೆದಿಲ್ಲ, ಅಯ್ನೋರೆ ಎಂದೇ ಕರೆಯುವುದು.

ಮಾಡಬಲ್ಲೆ ಎಂದೇ ಅವನು ಅಂದುಕೊಂಡಿದ್ದ. ಒಂದು ಬೆರಳು, ಒಂದು ಕ್ಷಣ. ಮೋನಿಷಾ ಹೇಳಿದ್ದನ್ನು ಮಂತ್ರದಂತೆ ಒಳಗೊಳಗೇ ಜಪಿಸಿದ, ಯಾವತ್ತೂ ಹರಡಲ್ಲ, ಯಾವತ್ತೂ ಹರಡಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಶ್ರಿತಾ ಮಣೆಯ ಮೇಲೆ ಕೂತಳು. ಪದ್ಮಯ್ಯನವರೂ ಬಂದು ಕಂಬಕ್ಕೊರಗಿ ನಿಂತಿದ್ದರು. ಬೆಳ್ಳಿಯ ಬಟ್ಟಲಿನಲ್ಲಿ ಪಾಯಸವಿತ್ತು. ಜನಾರ್ದನ ಉಂಗುರ ತೊಟ್ಟು, ಬೆರಳು ಅದ್ದಿ, ಬಗ್ಗಿದ. ಮಗುವನ್ನು ಇಷ್ಟು ಹತ್ತಿರದಿಂದ ಅವನು ನೋಡಿದ್ದು ಅದೇ ಮೊದಲು. ಕೆಳಗಿನ ವಸಡಿನಲ್ಲಿ ಹಲ್ಲು ಮೂಡುತ್ತಿದ್ದ ಬಿಳಿಯ ಗೆರೆ ಕಂಡಿತು. ಇಂಚರಾ ಅವನ ಬೆರಳನ್ನೇ ನೋಡುತ್ತ ಬಾಯಿ ತೆರೆದಳು. ಆಗ ಅವನಿಗೆ ಉಂಗುರದ ಅಂಚಿನಲ್ಲಿ, ಬಿರಿದ ಚರ್ಮದಲ್ಲಿ, ಕೂದಲೆಳೆಯಷ್ಟು ಕೆಂಪು ಕಾಣಿಸಿತು. ಕುಂಕುಮವಿರಬಹುದು. ಬೆಳಿಗ್ಗೆಯಿಂದ ಕುಂಕುಮಾರ್ಚನೆ ಮಾಡಿದ ಕೈ, ಕುಂಕುಮವೇ ಇರಬೇಕು. ಮೊಳೆಯುತ್ತಿರುವ ಹಲ್ಲಿನ ಹಸಿ ವಸಡು, ಇಲ್ಲಿ ಈ ಕೆಂಪು. ಕೈ ತಾನಾಗಿ ಹಿಂದೆ ಬಂತು, ಬಟ್ಟಲಿಗೆ ತಾಗಿ ಪಾಯಸ ಚೆಲ್ಲಿತು. ತೆರೆದ ಬಾಯಿ ತೆರೆದೇ ಇತ್ತು.

"ನಾನು ಮಡಿಯಲ್ಲಿದ್ದೇನೆ" ಅಂದ ಜನಾರ್ದನ. "ನೀವೇ ತಿನ್ನಿಸಿಕೊಳ್ಳಿ."

ಮೊದಲ ಅನ್ನ ತಿನ್ನಿಸುವುದಕ್ಕೆ ಇಲ್ಲಿಯವರೆಗೆ ಯಾವ ಅರ್ಚಕನಿಗೂ ಮಡಿ ಅಡ್ಡ ಬಂದಿರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪದ್ಮಯ್ಯನವರು ಒಮ್ಮೆ ಸತೀಶನ ಮುಖ ನೋಡಿದರು. ಅವರೂ ಗೌಡರೇ. ಇಷ್ಟು ವರ್ಷ ತಾವು ಹೊಗಳಿದ ಮಡಿ ಯಾರ ಮೇಲೆ ಬಿತ್ತೆಂದು ಅವರಿಗೆ ಆಗ ಹೊಳೆದಿರಬೇಕು, ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡು ಕೈಮುಗಿಯದೆ ಹೊರಟುಹೋದರು. ಸತೀಶ ಮುಖ ಕೆಂಪಾಗಿದ್ದರೂ ಬಗ್ಗಿ ಬಟ್ಟಲು ಎತ್ತಿಕೊಂಡು, ಉಳಿದಿದ್ದ ಪಾಯಸವನ್ನು ಮಗಳ ನಾಲಿಗೆಗೆ ತಾಗಿಸಿದ. ಮಗು ಚಪ್ಪರಿಸಿತು. ರಾಮಮ್ಮ ನಗಲು ನೋಡಿ, ಆಗದೆ, ಸೆರಗಿನಿಂದ ಮಗುವಿನ ಬಾಯಿ ಒರೆಸಿದರು.

ಅವನು ಮನೆಯ ಹಿಂದಿನ ನಲ್ಲಿಯ ಕೆಳಗೆ ಕೈಯೊಡ್ಡಿ ಹದಿಮೂರಕ್ಕೆ ಬಂದಿದ್ದಾಗ ಆಶ್ರಿತಾ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಉಂಗುರದ ಬೆರಳಿನ ಕೆಂಪು ಮೊದಲ ನೀರಿಗೇ ಹೋಗಿತ್ತು. ಕುಂಕುಮವೇ ಆಗಿತ್ತು.

"ಅಪ್ಪಾ, ನಲ್ಲಿ ನಿಲ್ಸಿ. ಒಂದು ಮಾತು ಕೇಳ್ತೀನಿ."

ಅವನು ನಲ್ಲಿ ನಿಲ್ಲಿಸಿದ.

"ಬಾಣಂತನಕ್ಕೆ ಬಂದು ಮೂರು ತಿಂಗಳು ಇದೇ ಮನೇಲಿ ಇದ್ದೆ. ತೊಟ್ಟಿಲಲ್ಲಿ ಅವಳು ಅತ್ತೂ ಅತ್ತೂ ನೀಲಿ ಆದ್ರೂ ನೀವು ದೂರ ನಿಂತು ಅಮ್ಮನ್ನ ಕೂಗ್ತಿದ್ರಿ. ಮಡಿ ಅಂದ್ರಿ, ನಂಬಿದೆ. ಪೂಜೆ ಹೊತ್ತಿಗೆ ಮಡಿ ಸರಿ. ಮಧ್ಯಾಹ್ನ ಯಾವ ಮಡಿ? ಸಂಜೆ ಜಗಲಿ ಮೇಲೆ ಪೇಪರ್ ಓದುವಾಗ ಯಾವ ಮಡಿ?" ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಇವತ್ತು ಅತ್ತೆ ಎದುರಿಗೆ, ಊರ ಎದುರಿಗೆ... ನಿಜ ಹೇಳಿ. ಸತೀಶನ ಮಗು ಅಂತ ತಾನೆ? ಗೌಡರ ರಕ್ತ ಅಂತ ತಾನೆ ನೀವು ಮುಟ್ಟದೇ ಇರೋದು?"

ಅವನಿಗೆ ಇಡೀ ಮಾತಿನಲ್ಲಿ ರಕ್ತ ಎಂಬುದೊಂದೇ ಕೇಳಿಸಿತು. ಇಲ್ಲ ಮಗಳೇ, ನನ್ನದು, ನನ್ನ ರಕ್ತ ಎಂಬ ಮಾತು ಗಂಟಲವರೆಗೆ ಬಂತು. ಬಂದದ್ದನ್ನು ಬಾಯಿಗೆ ತರುವ ಮೊದಲು ಅದರ ಮುಂದಿನದೆಲ್ಲ ಅವನಿಗೆ ಕಂಡುಬಿಟ್ಟಿತು. ಅವಳು ಮೊದಲು ಅಮ್ಮನ ಮುಖ ನೋಡುತ್ತಾಳೆ. ಆಮೇಲೆ ಮಗುವನ್ನು ಮೈಗೆ ಅವುಚಿಕೊಂಡು ಒಂದು ಹೆಜ್ಜೆ ಹಿಂದೆ ಇಡುತ್ತಾಳೆ, ಇಡಬಾರದೆಂದು ಗೊತ್ತಿದ್ದರೂ ಇಡುತ್ತಾಳೆ. ಆಮೇಲೆ ಹೇಗೆ ಬಂತು, ಎಲ್ಲಿಂದ ಬಂತು ಎಂದು ಕೇಳುತ್ತಾಳೆ. ಹಸಿರು ಪರದೆಯ ಆ ಕೋಣೆಗೆ ಮಗಳೂ ಬಂದು ನಿಲ್ಲುತ್ತಾಳೆ. ಆ ಒಂದು ಹೆಜ್ಜೆಯನ್ನು ನೋಡಿ ತಾನು ಬದುಕಿರಲಾರೆ ಅನ್ನಿಸಿತು. ಇನ್ನೊಂದು ಉತ್ತರವನ್ನು ಅವಳೇ ಸಿದ್ಧಮಾಡಿ ತಂದು ಮುಂದಿಟ್ಟಿದ್ದಳು. ಅದರಲ್ಲಿ ದ್ವೇಷವಿತ್ತು, ಅಸಹ್ಯವಿರಲಿಲ್ಲ. ಜಾತಿ ಎಂದರೆ ಊರಿಗೆಲ್ಲ ಗೊತ್ತಿರುವ ರೋಗ, ಅದಿದ್ದವರನ್ನು ಯಾರೂ ಮನೆಯಿಂದ ಹೊರಗಿಟ್ಟದ್ದಿಲ್ಲ.

"ಹೌದು" ಅಂದ ಜನಾರ್ದನ.

ಆಶ್ರಿತಾ ಕೂಗಾಡಲಿಲ್ಲ. ಅವಳು ಇಲ್ಲ ಎಂಬ ಉತ್ತರವನ್ನು ಕಾಯುತ್ತಿದ್ದಳೆಂದು ಅವಳ ಮುಖದಿಂದ ಆಗ ತಿಳಿಯಿತು. "ಮದುವೆ ದಿನ ಹಾಗಾದ್ರೆ ಯಾಕೆ..." ಎಂದು ಶುರು ಮಾಡಿ ನಿಲ್ಲಿಸಿದಳು. "ಇನ್ನು ಇವಳನ್ನ ನಿಮ್ಮ ಕಣ್ಣಿಗೆ ತೋರಿಸಲ್ಲ." ಅವಳು ತಿರುಗಿದಾಗ ಅಡಿಗೆಮನೆಯ ಹಿಂಬಾಗಿಲಲ್ಲಿ ರಾಮಮ್ಮ ನಿಂತಿದ್ದರು, ಪಕ್ಕದಲ್ಲಿ ಅನ್ನಪೂರ್ಣೇಶ್ವರಿ. ಇಬ್ಬರಿಗೂ ಕೇಳಿಸಿತ್ತು. ರಾಮಮ್ಮ ಮೆಟ್ಟಿಲಿಳಿದು, ಅವನಿಂದ ನಾಲ್ಕು ಮಾರು ದೂರದಲ್ಲೇ ನಿಂತು, ಎರಡೂ ಕೈ ಜೋಡಿಸಿದರು. "ತಪ್ಪಾಯ್ತು ಅಯ್ನೋರೆ. ನಾನೇ ಆಸೆಪಟ್ಟು ಕೇಳ್‌ಬಿಟ್ಟೆ. ನಿಮಗೆ ಕಷ್ಟ ಕೊಟ್ಟೆ." ಆಕೆ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಊಟಕ್ಕೆ ಯಾರೂ ನಿಲ್ಲಲಿಲ್ಲ. ಅಂಗಳ ಚಿಕ್ಕದು, ಕಾರು ತಿರುಗಿಸಲು ಸತೀಶ ಹಿಂದೆ ಮುಂದೆ ಮೂರು ನಾಲ್ಕು ಸಲ ಮಾಡಬೇಕಾಯಿತು. ಜನಾರ್ದನ ಜಗಲಿಯ ಕಂಬದ ಹಿಂದೆ ನಿಂತಿದ್ದ. ಅನ್ನಪೂರ್ಣೇಶ್ವರಿ ಅವನ ಹತ್ತಿರ ಬಂದು ಮೆಲ್ಲಗೆ, "ಈಗ್ಲೂ ಹೊತ್ತು ಮೀರಿಲ್ಲ. ನಾನು ಹೋಗಿ ನಿಲ್ಲಿಸ್ತೀನಿ. ನೀವು ಹೇಳೋದು ಬೇಡ, ನಾನೇ ಹೇಳ್ತೀನಿ" ಅಂದಳು. ಕಾರು ಹಿಂದೆ ಬಂತು. ಕಿಟಕಿಯಲ್ಲಿ ಮಗುವಿನ ಹಳದಿ ಅಂಗಿ ಕಂಡಿತು. ಅವನು ತಲೆಯಾಡಿಸಿ ಬೇಡ ಅಂದ. ಕಾರು ಮುಂದೆ ಹೋಗಿ, ಮತ್ತೊಮ್ಮೆ ಹಿಂದೆ ಬಂದು, ಗೇಟು ದಾಟಿ ರಸ್ತೆಗೆ ಇಳಿಯಿತು. ಅದರ ಸದ್ದು ಅಡಗುತ್ತಿದ್ದಂತೆ ಜನಾರ್ದನನ ಎದೆಯೊಳಗೆ ಏಳು ತಿಂಗಳಿಂದ ಬಿಗಿದಿದ್ದ ಏನೋ ಸಡಿಲವಾಯಿತು. ಮಗು ಉಳಿಯಿತು, ಅಂದುಕೊಂಡ. ಇನ್ನು ಅವಳು ಇಲ್ಲಿಗೆ ಬರುವುದಿಲ್ಲ, ನನ್ನಿಂದ ಅವಳಿಗೆ ಏನೂ ಆಗುವುದಿಲ್ಲ. ಒಂದು ಕ್ಷಣ ಅವನಿಗೆ ಸಂತೋಷವೇ ಆಯಿತು, ಕಣ್ಣಲ್ಲಿ ನೀರು ಬಂತು. ಆ ಸಂತೋಷ ಎಂಥದೆಂದು ಅರ್ಥವಾದಾಗ ಕಂಬ ಹಿಡಿದುಕೊಂಡ.

ಅನ್ನಪೂರ್ಣೇಶ್ವರಿ ಅವನನ್ನೇ ನೋಡುತ್ತಿದ್ದಳು. "ಆ ರೋಗ ತಂದದ್ದಕ್ಕೆ ನಾನು ನಿಮ್ಮನ್ನ ಯಾವತ್ತೋ ಕ್ಷಮಿಸಿದ್ದೆ. ನಿಮಗೆ ಹೇಳಿರಲಿಲ್ಲ, ಅಷ್ಟೇ" ಅಂದಳು. ಅವನು ಮುಂದಿನ ಮಾತಿಗೆ ಕಾದ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಕೋಣೆಯ ಕಬ್ಬಿಣದ ಬೀರು ತೆರೆದ ಸದ್ದು ಕೇಳಿಸಿತು, ಆಮೇಲೆ ಚೀಲದ ಜಿಪ್ಪು ಎಳೆದ ಸದ್ದು. ಹನ್ನೊಂದೂವರೆಯ ಬಸ್ಸು ಹಿಡಿದರೆ ಅವಳು ಮಧ್ಯಾಹ್ನ ಎರಡರ ಹೊತ್ತಿಗೆ ಮಗಳ ಮನೆಯಲ್ಲಿರುತ್ತಾಳೆ. ಹೋಗಿ ಹೇಳುತ್ತಾಳೋ, ಹೇಳದೆ ಮಗಳ ಜೊತೆ ಅಳುತ್ತಾಳೋ, ಎರಡರಲ್ಲಿ ಯಾವುದಾದರೂ ಅವಳು ಇನ್ನು ಈ ಮನೆಗೆ ಬರುವವಳಲ್ಲ ಎಂದು ಅವನಿಗೆ ಖಚಿತವಾಗಿ ಗೊತ್ತಾಯಿತು. ಅವಳು ಚೀಲ ಹಿಡಿದು ಹೊರಗೆ ಬಂದಳು, ಚಪ್ಪಲಿ ಮೆಟ್ಟಿದಳು, ಅವನ ಪಕ್ಕದಿಂದಲೇ ಹಾದಳು. ಅವಳನ್ನು ಮಾತಿನಿಂದ ತಡೆಯುವ ಕಾಲ ಮುಗಿದಿತ್ತು. ತಡೆಯಬೇಕಾದರೆ ಅವನು ಅವಳ ಕೈ ಹಿಡಿಯಬೇಕಿತ್ತು.